ಇಲ್ಲದೂರಿಗೆ ರಜೆ

ಜೂನ್ 4

ಕರಡು ತಿದ್ದುವವರಿಗೆ,

ಲಕೋಟೆಯ ಮೇಲೆ ಹೀಗೆ ಬರೆಯದೆ ಬೇರೆ ದಾರಿ ಇರಲಿಲ್ಲ. ಮುದ್ರಣಾಲಯದ ವಿಳಾಸವಷ್ಟೇ ನನ್ನ ಕೈಗೆ ಸಿಕ್ಕಿದ್ದು, ಒಳಗೆ ಯಾರು ಕೂತಿದ್ದಾರೆ ಎನ್ನುವುದು ಬರೀ ಊಹೆ. ಆದರೆ ಊಹೆ ತಪ್ಪಿರಲಾರದು. ಇದು ನಿನಗೇ ಕಣೇ, ಬಾಲಂಗೋಚಿ.

ನಮ್ಮ ಅತ್ತಿಗೆಗೆ ಮಂಡಿನೋವು. ವೈದ್ಯರು ಒಂದು ಟಾನಿಕ್ ಬರೆದುಕೊಟ್ಟರು. ಡಬ್ಬಿಯ ಮೇಲಿನ ಸಣ್ಣಕ್ಷರ ಅವರಿಗೆ ಕಾಣುವುದಿಲ್ಲ, ಮೆಲ್ಲಗೆ ಓದಿದರೆ ಕೇಳುವುದಿಲ್ಲ. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ: "ದಿನಕ್ಕೆ ಎರಡು ಬಾರಿ ಸೇವಿಸಬಹುದು. ಆದರೆ, ಖಾಲಿ ಹೊಟ್ಟೆಯಲ್ಲಿ ಬೇಡ." ಓದಿದವಳು ಅಲ್ಲೇ ನಿಂತುಬಿಟ್ಟೆ. 'ಆದರೆ' ಆದಮೇಲೆ ಅಲ್ಪವಿರಾಮ! ಈ ಭೂಮಿಯ ಮೇಲೆ ಅಲ್ಲಿ ಅಲ್ಪವಿರಾಮ ಹಾಕುವವಳು ಒಬ್ಬಳೇ. ಹನ್ನೊಂದು ವರ್ಷ ನೀನು ಹಾಕುತ್ತಿದ್ದೆ, ನಾನು ಹೊಡೆದುಹಾಕುತ್ತಿದ್ದೆ. ಔಷಧಿ ಡಬ್ಬಿಯನ್ನೂ ಬಿಡಲಿಲ್ಲವಲ್ಲ ಮಹಾತಾಯಿ! ಡಬ್ಬಿಯ ತಳದಲ್ಲಿ ಮುದ್ರಿಸಿದವರ ವಿಳಾಸ ಇತ್ತು. ಅತ್ತಿಗೆ ಇನ್ನೂ ಎರಡನೆಯ ಚಮಚಕ್ಕೆ ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು.

ಮೂರು ವರ್ಷದ ಹಿಂದೆ ನಾನು ಪತ್ರಿಕೆಯಿಂದ ನಿವೃತ್ತಳಾದೆ. ಹೋದ ತಿಂಗಳು ಒಂದು ಕಾಲೇಜಿನವರು ಕರೆದಿದ್ದರು. ಪತ್ರಿಕೋದ್ಯಮ ಓದುವ ಮಕ್ಕಳಿಗೆ ಹತ್ತು ದಿನದ ತರಬೇತಿ ಕಾರ್ಯಾಗಾರ. ಭಾಷಣ ಇಲ್ಲ, ಬರೀ ಕೈಕೆಲಸ, ಥೇಟ್ ನಾವಿಬ್ಬರೂ ಪತ್ರಿಕೆಯಲ್ಲಿ ನಡೆಸುತ್ತಿದ್ದ ಹಾಗೆ. ನಡೆಸುತ್ತಿರುವ ಮೇಡಂ ಯಾರು ಗೊತ್ತೇ? ನಮ್ಮ ಪಿಸುಮಾತು! ಪ್ರಶ್ನೆ ಕೇಳುವಾಗ ಪಕ್ಕದವರಿಗೂ ಕೇಳಿಸದ ಹಾಗೆ ಕೇಳುತ್ತಿದ್ದಳಲ್ಲ, ಅದೇ ಹುಡುಗಿ. ಈಗ ಮೈಕ್ ಇಲ್ಲದೆ ಕೊನೆಯ ಬೆಂಚಿಗೆ ಮುಟ್ಟಿಸುತ್ತಾಳೆ. ಅವಳ ಕಾರ್ಯಾಗಾರದಲ್ಲಿ ನಮ್ಮ ಇಲ್ಲದೂರು ಇನ್ನೂ ಇದೆ ಕಣೇ. ಅಭ್ಯಾಸದ ಸುದ್ದಿಗಳಿಗಾಗಿ ನಾವಿಬ್ಬರೂ ಕಾಗದದ ಮೇಲೆ ಕಟ್ಟಿದ ಊರು. ಅದೇ ಪುರಸಭೆ, ಅದೇ ಅಧ್ಯಕ್ಷರು. ಪ್ರತಿ ವರ್ಷ ಬೀಳುವ ಸೇತುವೆಯನ್ನು ಪ್ರತಿ ವರ್ಷ ಉದ್ಘಾಟಿಸುತ್ತಲೇ ಇದ್ದಾರಂತೆ. ಅಭ್ಯಾಸದ ಬರಹ ನಿಜದ ಸುದ್ದಿಯೊಳಗೆ ಬೆರೆಯದಿರಲಿ ಎಂದು ನಾವು ಬಳಸುತ್ತಿದ್ದ ಹಳದಿ ಹಾಳೆಯನ್ನೂ ಅವಳು ಬಿಟ್ಟಿಲ್ಲ.

ನವೆಂಬರಿನಲ್ಲಿ ಮತ್ತೊಂದು ಕಾರ್ಯಾಗಾರ. ನಾವಿಬ್ಬರೂ ಒಟ್ಟಿಗೆ ಬರಬೇಕು ಎನ್ನುತ್ತಾಳೆ. ಆಗಿನದು ನಡೆದುಹೋಯಿತು. ಏನೋ ತಪ್ಪಾಯಿತು, ಹಾಳೆಯೊಂದು ಎಲ್ಲಿಗೋ ಹೋಯಿತು, ನೀನು ಕೆಲಸ ಬಿಡುವ ಪರಿಸ್ಥಿತಿ ಬಂತು. ಇಪ್ಪತ್ನಾಲ್ಕು ವರ್ಷ ಕಳೆದು ಇಬ್ಬರಿಗೂ ವಯಸ್ಸಾಯಿತು. ಬಾರೇ.

ಉತ್ತರಕ್ಕೆ ಕಾಯುವ,
ಕತ್ತರಿ


ಜೂನ್ 19

ಮಾನ್ಯರೇ,

ನಿಮ್ಮ ಕರಡು ತಲುಪಿತು. ತಿದ್ದಿ ಇದರೊಂದಿಗೆ ಹಿಂತಿರುಗಿಸಿದ್ದೇನೆ.

ಮೊದಲ ಪ್ಯಾರಾದಲ್ಲಿ 'ಆದರೆ' ಆದಮೇಲೆ ಅಲ್ಪವಿರಾಮ ಬಿಟ್ಟಿದೆ. ಹಾಕಿದ್ದೇನೆ. ಕೊನೆಯ ಪ್ಯಾರಾದಲ್ಲಿ ಕೆಂಪು ಗೆರೆ ಎಳೆದಿರುವುದನ್ನು ಗಮನಿಸಿ: ನಡೆದುಹೋಯಿತು, ತಪ್ಪಾಯಿತು, ಹೋಯಿತು, ಬಂತು, ವಯಸ್ಸಾಯಿತು. ಐದು ಕ್ರಿಯಾಪದಗಳಿವೆ, ಮಾಡಿದವರು ಒಬ್ಬರೂ ಇಲ್ಲ. ವಯಸ್ಸು ಯಾರೂ ಮಾಡದೆ ತಾನಾಗಿ ಆಗುವಂಥದ್ದು, ಅದನ್ನು ಹಾಗೇ ಬಿಟ್ಟಿದ್ದೇನೆ. ಉಳಿದ ನಾಲ್ಕಕ್ಕೆ ಕರ್ತೃಪದ ಬೇಕು.

ತಿದ್ದಿದ ಪ್ರತಿಯನ್ನು ಮತ್ತೆ ಕಳಿಸಿಕೊಡಿ.

ಇಂತಿ,
ಕರಡು ತಿದ್ದುವ ವಿಭಾಗ


ಜುಲೈ 2

ಬಾಲಂಗೋಚಿ,

ನಿನ್ನ ಪತ್ರ ಓದಿ ಮೊದಲು ನಕ್ಕೆ. ಅತ್ತಿಗೆ ಸೊಪ್ಪು ಬಿಡಿಸುತ್ತಾ, "ಯಾರದೇ ಪತ್ರ, ಒಬ್ಬಳೇ ನಗ್ತಿದೀಯ?" ಎಂದರು.

"ನನ್ನ ಪತ್ರ ತಿದ್ದಿ ವಾಪಸ್ ಕಳಿಸಿದಾರೆ, ಅತ್ತಿಗೆ."

"ವಾಪಸ್ ತಗೋತಾರಂತಾ? ಒಳ್ಳೇದಾಯ್ತು, ಆ ಟಾನಿಕ್ ಬಲು ಕಹಿ."

ನಗು ಮುಗಿದ ಮೇಲೆ ಮತ್ತೆ ಮೇಲಿನಿಂದ ಓದಿದೆ. 'ಮಾನ್ಯರೇ' ಎಂಬಲ್ಲಿ ಕಣ್ಣು ತುಂಬಿಕೊಂಡಿತು. ಒಂದೇ ಮೇಜಿನ ಆಚೆ ಈಚೆ ಕೂತು, ಒಂದೇ ಡಬ್ಬಿಯ ಊಟ ಹಂಚಿಕೊಂಡವರಿಗೆ 'ಮಾನ್ಯರೇ' ಎನ್ನುತ್ತಾರೇನೇ? ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ಕೆಂಪು ಗೆರೆಗಳನ್ನು ನೋಡಿ ನಮ್ಮ ಮೇಲಿನ ಕೋಣೆ ಕಣ್ಣ ಮುಂದೆ ಬಂತು. ಪತ್ರಿಕೆ ಕಚೇರಿಯ ಮೂರನೆಯ ಮಹಡಿ. ಉದ್ದ ಮೇಜು, ಟಕ್ ಟಕ್ ಎನ್ನುವ ಒಂದೇ ಫ್ಯಾನು, ಅಂಗಳದಲ್ಲಿ ಕಾಗದದ ಉರುಳೆ ಇಳಿಸುವ ಸದ್ದು. ಮೊದಲ ದಿನ ಮಕ್ಕಳು ಏದುಸಿರು ಬಿಡುತ್ತಾ ಬಂದು ಕೂರುತ್ತಿದ್ದರು. ನೀನು ಹೆಸರೂ ಕೇಳದೆ, "ಎಷ್ಟು ಮೆಟ್ಟಿಲು ಹತ್ತಿ ಬಂದ್ರಿ?" ಎಂದು ಕೇಳುತ್ತಿದ್ದೆ. ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. "ಕೆಳಗೆ ಹೋಗಿ ಎಣಿಸ್ಕೊಂಡು ಬನ್ನಿ." ನಲವತ್ತೊಂದು. ಪ್ರತಿ ವರ್ಷ ಒಬ್ಬರಾದರೂ ನಲವತ್ತೆರಡು ಎನ್ನುತ್ತಿದ್ದರು, ಅವರನ್ನು ಮತ್ತೆ ಓಡಿಸುತ್ತಿದ್ದೆ.

ಆಮೇಲೆ ನೀನು ಉರುಳೆಯಲ್ಲಿ ಉಳಿದ ಕಾಗದವನ್ನು ಗೋಡೆಗೆ ಅಂಟಿಸಿ, ದಪ್ಪಕ್ಷರದಲ್ಲಿ ಎರಡೇ ಪದ ಬರೆಯುತ್ತಿದ್ದೆ. ಆಯಿತು. ಹೋಯಿತು. "ಈ ಎರಡು ಪದ ಕಂಡ್ರೆ ಬಿಡಬೇಡಿ," ಎನ್ನುತ್ತಿದ್ದೆ. "'ಸೇತುವೆ ಬಿದ್ದುಹೋಯಿತು' ಅಂತ ನೀವು ಬರೆದ್ರೆ, ಅದನ್ನ ಕಟ್ಟಿದವನು ಮನೇಲಿ ಆರಾಮಾಗಿ ಕೂತು ಊಟ ಮಾಡ್ತಾನೆ. ಯಾರು ಕಟ್ಟಿದ್ದು ಅಂತ ಕೇಳಿ." ನಾನು ಆ ಮಾತನ್ನು ಹನ್ನೊಂದು ಸಲ ಕೇಳಿದ್ದೇನೆ. ಹನ್ನೊಂದು ಸಲವೂ ತಲೆಯಾಡಿಸಿದ್ದೇನೆ.

ಇಲ್ಲದೂರಿನ ಅಜ್ಜಿ ನೆನಪಿದ್ದಾಳೆಯೇ? ತಲೆಗೆ ಟವೆಲ್ ಹೊದ್ದು ನೀನು ಕೂರುತ್ತಿದ್ದೆ. ಎಲ್ಲ ಅಪಘಾತಕ್ಕೂ ನೀನೇ ಸಾಕ್ಷಿ, ಕೇಳಿದವರಿಗೆಲ್ಲ ಬೇರೆ ಬೇರೆ ಕಥೆ. ನಾನು ಇನ್‌ಸ್ಪೆಕ್ಟರ್, ನನಗೆ ಇದ್ದದ್ದು ಒಂದೇ ಮಾತು, "ತನಿಖೆ ನಡೀತಿದೆ." ಪಿಸುಮಾತು ಬಂದು ಏನೋ ಗೊಣಗಿದಾಗ ನೀನು, "ಜೋರಾಗಿ ಕೇಳೇ ಮಗಳೇ, ಅಜ್ಜಿಗೆ ಕಿವಿ ಕೇಳಲ್ಲ," ಎಂದೆ. ಅವಳು ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಎಷ್ಟು ಜೋರಾಗಿ ಕಿರುಚಿದಳೆಂದರೆ ಕೆಳಗಿನ ಮಹಡಿಯಿಂದ ವರದಿಗಾರರು ಏನೋ ಅನಾಹುತವೆಂದು ಓಡಿ ಬಂದರು.

ಆ ಕೊನೆಯ ವರ್ಷ ಏಳನೆಯ ದಿನಕ್ಕೆ ಹಳದಿ ಹಾಳೆ ಮುಗಿದು ಬಿಳಿ ಹಾಳೆ ಕೊಟ್ಟೆವು. ಪಿಸುಮಾತು ಬರೆದ ಹಾಳೆ ನನ್ನ ಟ್ರೇಯೊಳಗೆ ಸೇರಿತ್ತು, ಅಲ್ಲಿಂದ ಅಕ್ಷರ ಜೋಡಿಸುವವರ ಕೋಣೆಗೆ ಹೋಯಿತು. ನೋಡು, ಮತ್ತೆ 'ಹೋಯಿತು' ಎಂದೇ ಬರೆದೆ. ಅದನ್ನು ಹೊಡೆದುಹಾಕಲು ಪೆನ್ನು ಎತ್ತಿದೆ, ಆಗಲಿಲ್ಲ.

ನಿನ್ನ ಮಾನ್ಯಳಲ್ಲದ,
ಕತ್ತರಿ


ಜುಲೈ 20

ಕತ್ತರಿ,

'ಮಾನ್ಯರೇ' ಎಂದು ಬರೆದಾಗ ನನಗೂ ಖುಷಿಯೇನೂ ಆಗಲಿಲ್ಲ. ಸಿಟ್ಟು ಬಂದಿತ್ತು, ಬರೆದೆ. ನೋಯಲಿ ಎಂದೇ ಬರೆದೆ. ಕರ್ತೃಪದ ನಾನೇ.

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಮೂರು ಸಲ ಓದಿದೆ. ನಲವತ್ತೊಂದು ಎನ್ನುವಲ್ಲಿ ನನ್ನ ಮಂಡಿ ತಾನಾಗಿ ನೋಯತೊಡಗಿತು. ನಿಮ್ಮ ಅತ್ತಿಗೆಗೆ ಹೇಳು, ಆ ಟಾನಿಕ್ ನಾನೂ ಕುಡಿಯುತ್ತೇನೆ, ಕಹಿ ಎನ್ನುವುದು ನಿಜ. ಆದರೆ, ಡಬ್ಬಿಯ ಮೇಲೆ 'ರುಚಿಕರ' ಎಂದು ಇದ್ದದ್ದನ್ನು ತೆಗೆಸಲು ನನಗೆ ಅಧಿಕಾರ ಇಲ್ಲ. ಇಲ್ಲಿ ನನ್ನ ಕೆಲಸ ಔಷಧಿ ಡಬ್ಬಿ, ಸೋಪಿನ ಹೊದಿಕೆ, ಬಿಸ್ಕತ್ತಿನ ಪೊಟ್ಟಣಗಳ ಕರಡು ನೋಡುವುದು. 'ಚೆನ್ನಾಗಿ ಅಲ್ಲಾಡಿಸಿ', 'ತಂಪಾದ ಜಾಗದಲ್ಲಿ ಇಡಿ'. ಒಂದು ಸಾಲಿಗಿಂತ ಉದ್ದ ಬರೆಯುವ ಹಾಗಿಲ್ಲ. ವರದಿ ಮುಗಿದರೂ ಇನ್ನೊಂದು ಸಾಲು ನೇತುಹಾಕುತ್ತಿದ್ದ ಬಾಲಂಗೋಚಿಗೆ ಎಂಥ ಕೆಲಸ ಸಿಕ್ಕಿತು ನೋಡು.

ನೀನು ಮೇಲಿನ ಕೋಣೆಯನ್ನು ನೆನಪಿಸಿದೆ, ನಾನು ಬಿಳಿ ಹಾಳೆ ಕೊಟ್ಟ ಮರುದಿನದ ಬೆಳಗನ್ನು ನೆನಪಿಸುತ್ತೇನೆ. ನಗರದ ಪುಟದಲ್ಲಿ ಒಂದು ಕಾಲಂ: 'ಬಿರುಗಾಳಿ ಮುನ್ನೆಚ್ಚರಿಕೆ: ಇಂದು ಎಲ್ಲ ಶಾಲೆಗಳಿಗೆ ರಜೆ'. ಪಿಸುಮಾತು ಬರೆದ ಇಲ್ಲದೂರಿನ ಬಿರುಗಾಳಿ. ಕಿಟಕಿಯ ಹೊರಗೆ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಅವತ್ತು ಮಕ್ಕಳಿಗೆ ವಾರ್ಷಿಕ ಪರೀಕ್ಷೆ. ಮುಖ್ಯೋಪಾಧ್ಯಾಯರೊಬ್ಬರು ಪ್ರಶ್ನೆಪತ್ರಿಕೆಯ ಕಟ್ಟನ್ನು ಎದೆಗವಚಿಕೊಂಡು ಒಂಬತ್ತೂವರೆಗೆ ಶಾಲೆಯ ಗೇಟಿನಿಂದ ನೇರ ನಮ್ಮ ಕಚೇರಿಗೆ ಬಂದರು. ಒಂದು ಮಗುವೂ ಬಂದಿಲ್ಲ ಎಂದು ಹೇಳಿ ಆ ಕಟ್ಟನ್ನು ನಮ್ಮ ಮೇಜಿನ ಮೇಲೆ ಇಟ್ಟರು. ಇಡೀ ನಗರದ ಪರೀಕ್ಷೆ ಮುಂದಕ್ಕೆ ಹೋಯಿತು. ಮೂರನೆಯ ದಿನ ಮಕ್ಕಳ ಪತ್ರಗಳು ಬಂದವಲ್ಲ, 'ಸುದ್ದಿ ತುಂಬಾ ಚೆನ್ನಾಗಿತ್ತು, ಗಣಿತದ ದಿನವೂ ದಯವಿಟ್ಟು ಪ್ರಕಟಿಸಿ' ಎಂದು, ಆ ಹೊತ್ತಿಗೆ ಅವನ್ನು ಓದಿ ನಗಲು ನಾನು ಕಚೇರಿಯಲ್ಲಿ ಇರಲಿಲ್ಲ. ಯಾರೋ ಹೇಳಿ ಗೊತ್ತಾಯಿತು.

ಸಂಪಾದಕರು ನಮ್ಮೆಲ್ಲರನ್ನೂ ಒಳಗೆ ಕರೆದು, "ಯಾರು ಬರೆದದ್ದು, ಯಾರು ಕಳಿಸಿದ್ದು?" ಎಂದರು. ನೀನು ನನ್ನ ಎಡಕ್ಕೆ ನಿಂತಿದ್ದೆ. ಆ ಹುಡುಗಿ ಬಾಗಿಲ ಹೊರಗೆ ಬೆಂಚಿನ ಮೇಲೆ ಅಳುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಅವಳ ಹೆಸರು ಹೇಳಿದರೆ ಯಾವ ಪತ್ರಿಕೆಯೂ ಅವಳನ್ನು ಮುಂದೆ ಹತ್ತಿರ ಸೇರಿಸುವುದಿಲ್ಲ ಎಂದುಕೊಂಡೆ. 'ನಾನು' ಎಂದೆ. "ಬರೆದದ್ದೂ ನಾನು, ಕಳಿಸಿದ್ದೂ ನಾನು. ಹುಡುಗರಿಗೆ ಮಾದರಿ ಅಂತ ಬರೆದಿದ್ದೆ." ನೀನು ಬಾಯಿ ತೆರೆಯುತ್ತೀಯ ಎಂದು ಕಾದೆ.

ಕೆಲಸ ಕಳೆದುಕೊಂಡು ಮಧ್ಯಾಹ್ನವೇ ಮನೆಗೆ ಹೋದೆ. ನನ್ನ ಮಗಳಿಗೆ ಆಗ ಆರು ವರ್ಷ. ಶಾಲೆಗೂ ರಜೆ, ಅಮ್ಮನೂ ಮನೆಯಲ್ಲಿ. ಅವಳಿಗೆ ಕುಣಿದಷ್ಟೂ ಸಾಲದು. "ನಾಳೇನೂ ಹೀಗೇನಾ ಅಮ್ಮಾ?" ಎಂದಳು. ಹೂಂ ಎಂದೆ. ಸಂಜೆ ನೀನು ಬರುತ್ತೀಯ ಎಂದು ಎರಡು ಲೋಟ ತೊಳೆದಿಟ್ಟಿದ್ದೆ. ಮರುದಿನವೂ, ಅದರ ಮರುದಿನವೂ. ತಿಂಗಳಾದ ಮೇಲೆ ಸಾಮಾನು ಕಟ್ಟಿಕೊಂಡು ಅಕ್ಕನ ಮನೆಗೆ ಬಂದುಬಿಟ್ಟೆ.

ನೀನು ಬರೆದಿರುವೆ, ಹಾಳೆ ಟ್ರೇಯಿಂದ ಹೋಯಿತು ಎಂದು. ಹಾಳೆಗೆ ಕಾಲಿದೆಯೇನೇ?

ಮೆಟ್ಟಿಲು ಎಣಿಸುವ ಪಾಠವನ್ನು ಪಿಸುಮಾತಿಗೆ ಹೇಳು, ಮಕ್ಕಳಿಗೆ ಒಳ್ಳೆಯದು. ನಾನು ಬರುವುದಿಲ್ಲ. ಫೋನ್ ನಂಬರನ್ನೂ ಕೇಳಬೇಡ. ಫೋನಿನಲ್ಲಿ ನೀನು ಅತ್ತರೆ ನಾನು ಅವಸರದಲ್ಲಿ ಕ್ಷಮಿಸಿಬಿಡುತ್ತೇನೆ.

ಇಲ್ಲಿಗೆ ಒಂದು ಸಾಲು ಹೆಚ್ಚೇ ಬರೆದ,
ಬಾಲಂಗೋಚಿ


ಆಗಸ್ಟ್ 30

ಬಾಲಂಗೋಚಿ,

ಎರಡು ಲೋಟ ಎಂದು ಬರೆದೆಯಲ್ಲ, ಅದಾದಮೇಲೆ ನಾಲ್ಕು ಸಲ ಪತ್ರ ಶುರು ಮಾಡಿ ಹರಿದೆ. ಅತ್ತಿಗೆ ಕಸದ ಬುಟ್ಟಿ ನೋಡಿ, "ಕಾಗದ ಏನು ತಪ್ಪು ಮಾಡಿತ್ತು ಅಂತ ಹೀಗೆ ಹರೀತೀಯ?" ಎಂದರು. ಇದನ್ನು ಹರಿಯುವುದಿಲ್ಲ.

ನಾನು ಕಳಿಸಿದೆ. ಅವತ್ತು ಬೆಳಗ್ಗೆಯಿಂದ ಮೇಲೆ ಮಕ್ಕಳ ಜೊತೆ, ಸಂಜೆ ಆರಕ್ಕೆ ಕೆಳಗೆ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಪಾಳಿ. ಬಿಡುವಾದಾಗ ನೋಡೋಣವೆಂದು ಮಕ್ಕಳ ಹಾಳೆಗಳನ್ನು ಜೊತೆಗೇ ತಂದಿದ್ದೆ. ಸುದ್ದಿಯ ಹಾಳೆಗಳ ಪಕ್ಕದಲ್ಲೇ ಇಟ್ಟೆ. ಮಕ್ಕಳ ಬರಹ ತಪ್ಪುಗಳಿಂದಲೇ ಗೊತ್ತಾಗಬೇಕು. ಪಿಸುಮಾತಿನ ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ಅಷ್ಟು ಚೊಕ್ಕ ಬರೆದಿದ್ದಳು. ನಿಜದ ಸುದ್ದಿ ಎಂದುಕೊಂಡು ನಾನು 'ನಾಳೆ' ಎಂಬುದನ್ನು 'ಇಂದು' ಎಂದು ತಿದ್ದಿದೆ, ತಲೆಬರಹ ಕೊಟ್ಟೆ, ನನ್ನ ಗುರುತು ಹಾಕಿದೆ, ಅಕ್ಷರ ಜೋಡಿಸಲು ಕಳಿಸಿದೆ. ಸಂಪಾದಕರ ಕೋಣೆಯಲ್ಲಿ ನೀನು 'ನಾನು' ಎಂದಾಗ ನಾನು ನೆಲ ನೋಡುತ್ತಾ ನಿಂತೆ. ಮರುದಿನದ ಕ್ಷಮಾಪಣೆಯನ್ನು ಬರೆದವಳೂ ನಾನೇ: 'ಕಣ್ತಪ್ಪಿನಿಂದ ಪ್ರಕಟವಾಗಿದ್ದಕ್ಕೆ ವಿಷಾದಿಸುತ್ತೇವೆ.' ಯಾರ ಕಣ್ಣು ಎಂದು ಬರೆಯಲಿಲ್ಲ. ನಿನ್ನ ಮನೆಯ ಬೀದಿಯವರೆಗೆ ಎರಡು ಸಲ ಬಂದೆ. ತಿರುವಿನಲ್ಲಿ ನಿಂತು ವಾಪಸಾದೆ. ಹೆದರಿದ್ದೆ ಕಣೇ. ಕೆಲಸ ಹೋಗುತ್ತದೆ ಎಂದು ಹೆದರಿದ್ದೆ.

ಮೊದಲ ಪತ್ರದಲ್ಲಿ ಮುಚ್ಚಿಟ್ಟ ವಿಷಯ ಇನ್ನೊಂದಿದೆ. ನಿನಗೆ ಬರೆಯುವ ಹಾಗೆ ಮಾಡಿದ್ದು ಆ ಅಲ್ಪವಿರಾಮವೊಂದೇ ಅಲ್ಲ. ಪಿಸುಮಾತು ತನ್ನ ಪ್ರತಿ ಕಾರ್ಯಾಗಾರವನ್ನೂ ಒಂದೇ ಕಥೆಯಿಂದ ಶುರು ಮಾಡುತ್ತಾಳೆ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹಲಗೆಯ ಮೇಲೆ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಬರೆದು, 'ಎಲ್ಲಿ'ಯ ಸುತ್ತ ಗುಂಡಗೆ ಗೆರೆ ಎಳೆದು ಹೇಳಿದಳು: "ನಿಮ್ಮಷ್ಟೇ ವಯಸ್ಸಿನಲ್ಲಿ ನಾನು ಒಂದು ಅಭ್ಯಾಸದ ಸುದ್ದಿ ಬರೆದೆ. ಊರಿನ ಹೆಸರು ಬರೆಯೋದನ್ನೇ ಮರೆತೆ. ಇಲ್ಲದೂರು ಅಂತ ಒಂದು ಪದ ಇದ್ದಿದ್ರೆ ಯಾರಿಗಾದರೂ ಗೊತ್ತಾಗ್ತಿತ್ತು. ನನ್ನ ಒಂದು ಪದಕ್ಕೆ ನನಗೆ ಕಲಿಸಿದವರೊಬ್ಬರು ಕೆಲಸ ಕಳ್ಕೊಂಡ್ರು." ಹೇಳುವಾಗ ಮತ್ತೆ ಪಿಸುಮಾತೇ ಆಗಿದ್ದಳು. ಆಮೇಲೆ ನನ್ನನ್ನು ಮಕ್ಕಳಿಗೆ ಪರಿಚಯಿಸಿದಳು, ಚಪ್ಪಾಳೆ ಹೊಡೆದರು. ನಾನು ಕೈ ಮುಗಿದು ಕೂತೆ.

ಅವಳು ಊರಿನ ಹೆಸರು ಬರೆದಿದ್ದಳೋ ಇಲ್ಲವೋ, ನನಗೆ ಸರಿಯಾಗಿ ನೆನಪಿಲ್ಲ. ಕಳಿಸಿದ್ದಂತೂ ನಾನು.

ತಲೆ ಎತ್ತಲಾಗದ,
ಕತ್ತರಿ


ಸೆಪ್ಟೆಂಬರ್ 8

ಕತ್ತರಿ,

ಆ ಹುಡುಗಿ ಇದನ್ನು ಹೊತ್ತುಕೊಂಡಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳನ್ನು ಉಳಿಸಿದೆ ಎಂದುಕೊಂಡು ಇಪ್ಪತ್ನಾಲ್ಕು ವರ್ಷ ಒಳಗೊಳಗೇ ಬೀಗಿದ್ದೆ. ನಿನ್ನೆಯಿಂದ ಅನ್ನ ಸೇರುತ್ತಿಲ್ಲ.

ನೀನು ಯಾರು ಎಂದು ಬರೆದೆ, ಏನು ಎಂದು ಬರೆದೆ, ಯಾವಾಗ, ಏಕೆ ಎಂದೂ ಬರೆದೆ. ಓದಿದೆ, ಸಮಾಧಾನ ಆಯಿತು. 'ಎಲ್ಲಿ' ಎಂಬ ಐದನೆಯದು ಬಾಕಿ ಇದೆ. ನೆನಪಿಲ್ಲ ಎನ್ನಬೇಡ. ನಿನಗೆ ಊಟ ಮಾಡಿದ್ದು ಮರೆತೀತು, ಕತ್ತರಿಸಿದ್ದು ಮರೆಯುವುದಿಲ್ಲ.

ಬಾಲಂಗೋಚಿ


ಅಕ್ಟೋಬರ್ 1

ಬಾಲಂಗೋಚಿ,

ಬರೆದಿದ್ದಳು. ಹಾಳೆಯ ನೆತ್ತಿಯ ಮೇಲೆ, ದುಂಡು ಅಕ್ಷರದಲ್ಲಿ, ಇಲ್ಲದೂರು ಎಂದು ಬರೆದು ಕೆಳಗೆ ಗೆರೆ ಕೂಡ ಎಳೆದಿದ್ದಳು.

ನಾನು ಹೊಡೆದುಹಾಕಿದೆ. ನಗರದ ಪುಟಕ್ಕೆ ಊರಿನ ಹೆಸರು ಬೇಡ, ಅದು ರೂಢಿ. ಯಾವ ಹಾಳೆ ಬಂದರೂ ನನ್ನ ಕೆಂಪು ಪೆನ್ಸಿಲ್ ಮೊದಲು ಅಲ್ಲಿಗೇ ಹೋಗುತ್ತಿತ್ತು. ಇಲ್ಲ, ಹೀಗೆ ಬರೆಯಬಾರದು. ಪೆನ್ಸಿಲ್ ಹೋಗಲಿಲ್ಲ, ನಾನು ಒಯ್ದೆ. ಓದದೆ ಹೊಡೆದೆ. ನಾನೇ ನಿನ್ನ ಜೊತೆ ಕೂತು ಕಟ್ಟಿದ ಊರು, ಹನ್ನೊಂದು ವರ್ಷ ಅದರ ಇನ್‌ಸ್ಪೆಕ್ಟರ್ ಆಗಿದ್ದವಳು, ಒಂದೇ ಗೆರೆಯಲ್ಲಿ ಅಳಿಸಿದೆ. ಮರುದಿನ ಬೆಳಗ್ಗೆ ಪತ್ರಿಕೆ ನೋಡಿದ ಕೂಡಲೇ ನನಗೆ ಆ ಗೆರೆ ನೆನಪಾಯಿತು. ಇಷ್ಟು ವರ್ಷ ನೆನಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೊನ್ನೆ ಕಾಲೇಜಿಗೆ ಹೋದೆ. ಪಿಸುಮಾತು ಹಳದಿ ಹಾಳೆಗಳನ್ನು ಹತ್ತು ಹತ್ತರಂತೆ ಎಣಿಸಿ ಕಟ್ಟುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಏನೇನೋ ಅಂದುಕೊಂಡಿದ್ದೆ. ಆದರೆ, ಅವಳು ನಕ್ಕಳು. ನನ್ನ ಕೈ ಹಿಡಿದುಕೊಂಡು, "ನೀವಿಬ್ಬರೂ ಒಂದೇ ಥರ, ಮೇಡಂ," ಎಂದಳು. "ಆಗ ಅವರು ನನ್ನ ತಪ್ಪು ತಾವು ಹೊತ್ಕೊಂಡ್ರು. ಈಗ ನೀವು ಹೊತ್ಕೊಳ್ಳೋಕೆ ಬಂದಿದೀರ. ನಾನು ಚಿಕ್ಕವಳಲ್ಲ, ಬಿಡಿ."

"ನಿಜ ಹೇಳ್ತಿದೀನಿ ಕಣಮ್ಮಾ."

"ದಾಖಲೆ ಇದೆಯಾ ಮೇಡಂ?"

ಒಬ್ಬರು ಹೇಳಿದ್ದನ್ನು ಹಾಗೇ ನಂಬಬೇಡಿ, ಕಾಗದ ತೋರಿಸಿ ಎನ್ನಿ ಎಂದು ಆ ಹುಡುಗಿಗೆ ಕಲಿಸಿದವರು ನಾವೇ ತಾನೇ? ನಮ್ಮ ಪಾಠ ಎಷ್ಟು ಚೆನ್ನಾಗಿ ನಾಟಿದೆ ನೋಡು. ನಿಜ ಹೇಳಿಯೂ ನಾನು ಸುಳ್ಳುಗಾತಿಯಾಗಿ, ಅದೂ ಒಳ್ಳೆಯ ಮನಸ್ಸಿನ ಸುಳ್ಳುಗಾತಿಯಾಗಿ ವಾಪಸ್ ಬಂದೆ. ನವೆಂಬರ್ ಹನ್ನೆರಡಕ್ಕೆ ಕಾರ್ಯಾಗಾರ ಶುರು. ಮತ್ತೆ ಹಲಗೆಯ ಮೇಲೆ 'ಎಲ್ಲಿ' ಎಂದು ಬರೆದು ಸುತ್ತ ಗೆರೆ ಎಳೆಯುತ್ತಾಳೆ, ಮತ್ತೆ ಮರೆತೆ ಎನ್ನುತ್ತಾಳೆ.

ಮೂಲ ಹಾಳೆ ಆವತ್ತೇ ಕಳೆದಿತ್ತು. ಸಂಪಾದಕರು ಎಷ್ಟು ಹುಡುಕಿಸಿದರೂ ಸಿಗಲಿಲ್ಲ. ಸಿಗದಿದ್ದಕ್ಕೆ ನಾನು ಆಗ ನಿಟ್ಟುಸಿರು ಬಿಟ್ಟಿದ್ದೆ. ಈಗ ಅದೇ ಹಾಳೆಗಾಗಿ ಏನು ಬೇಕಾದರೂ ಕೊಟ್ಟೇನು.

ಕೇಳಲು ಬಾಯಿಲ್ಲದಿದ್ದರೂ ಕೇಳುತ್ತಿದ್ದೇನೆ. ನೀನು ಹೇಳಿದರೆ ಅವಳು ನಂಬಿಯಾಳು. ನನಗಾಗಿ ಬೇಡ, ಅವಳಿಗಾಗಿ ಎರಡು ಸಾಲು ಬರೆದುಕೊಡು.

ನಿನ್ನ,
ಕತ್ತರಿ


ಅಕ್ಟೋಬರ್ 16

ಕತ್ತರಿ,

ನಿನ್ನ ಪತ್ರದಲ್ಲಿ 'ಆದರೆ' ಆದಮೇಲೆ ಅಲ್ಪವಿರಾಮ ನೋಡಿದೆ. ಮೂವತ್ತೈದು ವರ್ಷದ ಪರಿಚಯದಲ್ಲಿ ಮೊದಲ ಸಲ. ಬೇಕೆಂದೇ ಹಾಕಿದೆಯೋ ಮೈಮರೆತು ಹಾಕಿದೆಯೋ ಗೊತ್ತಿಲ್ಲ, ಅದನ್ನು ನೋಡಿ ನಾನು ಅತ್ತೆ. ಪಕ್ಕದ ಮೇಜಿನ ಹುಡುಗಿ, "ಏನಾಯ್ತು ಆಂಟಿ?" ಎಂದಳು. "ಬಿಸ್ಕತ್ತಿನ ಪೊಟ್ಟಣದಲ್ಲಿ ತಪ್ಪು ಸಿಕ್ತು," ಎಂದೆ.

ಹಾಳೆ ಕಳೆದಿರಲಿಲ್ಲ ಕಣೇ. ನನ್ನ ಹತ್ತಿರ ಇದೆ.

ಅವತ್ತು ಬೆಳಗ್ಗೆ ಎಲ್ಲರಿಗಿಂತ ಮೊದಲು ನಾನು ಅಕ್ಷರ ಜೋಡಿಸುವವರ ಕೋಣೆಗೆ ಓಡಿದ್ದೆ. ಕೆಲಸ ಮುಗಿದ ಹಾಳೆಗಳನ್ನು ಮೊಳೆಗೆ ಚುಚ್ಚಿಡುತ್ತಿದ್ದರಲ್ಲ, ಅದರಿಂದ ಎಳೆದುಕೊಂಡು ಕುಪ್ಪಸದೊಳಗೆ ಸೇರಿಸಿದೆ. ಮೆಟ್ಟಿಲ ಮೇಲೆ ನಿಂತು ನೋಡಿದೆ. ಇಲ್ಲದೂರಿನ ಮೇಲೆ ನಿನ್ನ ಕೆಂಪು ಗೆರೆ, ಪಕ್ಕದಲ್ಲಿ ನಿನ್ನ ಗುರುತು, ನಡುವೆ ಮೊಳೆಯ ತೂತು. ಸಂಪಾದಕರಿಗೆ ತೋರಿಸಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ನಿನ್ನದು ಹೋಗುತ್ತಿತ್ತು. ಯಾಕೆ ತೋರಿಸಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನೀನಾಗಿ ಹೇಳಬೇಕಿತ್ತು ನನಗೆ. ನನ್ನ ಕೆಲಸಕ್ಕಿಂತ ಹೆಚ್ಚಾಗಿ ನನಗೆ ಅದು ಬೇಕಿತ್ತು.

ಈಗ ನನ್ನ ಕರಡಿನಲ್ಲೂ ಒಂದು ತಿದ್ದುಪಡಿ. ಆ ದಿನ ಬಿಳಿ ಹಾಳೆ ಕೊಡೋಣ ಎಂದವಳು ನೀನು. "ಹಾಗಾದ್ರೆ ಪ್ರತಿ ಹಾಳೆಗೂ 'ಅಭ್ಯಾಸ' ಅಂತ ಸೀಲು ಒತ್ತಬೇಕು, ನಾನು ಒತ್ತುತೀನಿ," ಎಂದವಳು ನಾನು. ನಿನಗೆ ನೆನಪಿದೆಯೋ ಇಲ್ಲವೋ. ಸೀಲಿನ ಪ್ಯಾಡು ಒಣಗಿತ್ತು, ಶಾಯಿ ತರಲು ಕೆಳಗಿಳಿಯಬೇಕು, ನಲವತ್ತೊಂದು ಮೆಟ್ಟಿಲು. ನಾಳೆ ಒತ್ತಿದರಾಯಿತು ಎಂದುಕೊಂಡು ಸೀಲನ್ನು ಚೀಲಕ್ಕೆ ಹಾಕಿಕೊಂಡೆ. ನಾನು ಒತ್ತಲಿಲ್ಲ. ಸಂಪಾದಕರ ಮುಂದೆ 'ನಾನು' ಎಂದದ್ದು ಬರೀ ದೊಡ್ಡತನ ಅಲ್ಲ. ಅರ್ಧ ನಿಜ ಕೂಡ. ಇದನ್ನು ನಾನೂ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಿನ್ನೊಬ್ಬಳ ಮೇಲೆ ಸಿಟ್ಟು ಮಾಡಿಕೊಂಡು ಕೂರುವುದು ಸುಲಭವಾಗಿತ್ತು.

ಪಿಸುಮಾತಿಗೆ ಎರಡು ಸಾಲು ಬರೆದುಕೊಡು ಎಂದೆಯಲ್ಲ, ಬರೆದುಕೊಡುವುದಿಲ್ಲ. ನನ್ನ ಎರಡು ಸಾಲನ್ನೂ ಅವಳು ದೊಡ್ಡತನ ಎಂದೇ ತಿಳಿಯುತ್ತಾಳೆ. ಹಾಳೆಯನ್ನೇ ನೋಡಬೇಕು ಅವಳು. ಅವಳ ದುಂಡು ಅಕ್ಷರವನ್ನು, ಅದರ ಕೆಳಗೆ ಅವಳೇ ಎಳೆದ ಗೆರೆಯನ್ನು ಅವಳ ಕಣ್ಣಾರೆ ನೋಡಬೇಕು. ಮೂಲ ಪ್ರತಿಯನ್ನು ಯಾವತ್ತೂ ಅಂಚೆಗೆ ಹಾಕಬೇಡಿ, ಕೈಯಾರೆ ಒಯ್ದು ಕೊಡಿ ಎಂದು ಹನ್ನೊಂದು ವರ್ಷ ಪಾಠ ಹೇಳಿದವರು ನಾವು. ಆದ್ದರಿಂದ ನಾನೇ ತರುತ್ತೇನೆ. ಸೀಲನ್ನೂ ತರುತ್ತೇನೆ, ಶಾಯಿ ನೀನು ತಾ.

ಹನ್ನೆರಡನೆಯ ತಾರೀಕು ಬೆಳಗ್ಗೆ ಒಂಬತ್ತಕ್ಕೆ ಕಾಲೇಜಿನ ಬಾಗಿಲಲ್ಲಿ ನಿಂತಿರು. ಲಿಫ್ಟ್ ಇದ್ದರೂ ಬೇಡ, ಮೆಟ್ಟಿಲಲ್ಲೇ ಹೋಗೋಣ. ಮಕ್ಕಳನ್ನು ಎಷ್ಟು ಮೆಟ್ಟಿಲು ಎಂದು ಕೇಳಬೇಕಾದರೆ ನಮಗೆ ಮೊದಲು ಗೊತ್ತಿರಬೇಕಲ್ಲ. ನಿಧಾನ ಹತ್ತೋಣ, ಇಬ್ಬರಿಗೂ ಮಂಡಿನೋವು. ಪಿಸುಮಾತು ಹಲಗೆಯ ಮೇಲೆ ಐದು ಪ್ರಶ್ನೆ ಬರೆಯಲು ಸೀಮೆಸುಣ್ಣ ಎತ್ತುವ ಮೊದಲೇ ಹಾಳೆ ಅವಳ ಮೇಜಿನ ಮೇಲಿರಲಿ.

ಎರಡು ಲೋಟ ತೊಳೆದಿಡುವ ಸರದಿ ಈಗ ನಿನ್ನದು.

ಬರುತ್ತಿರುವ,
ಬಾಲಂಗೋಚಿ

ಇನ್ನೊಂದು ಸಾಲು, ಕತ್ತರಿಸಬೇಡ: ನಿನ್ನೆ ಟ್ರಂಕಿನ ತಳದಿಂದ ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಳದಿ ಮುಗಿದು ಬಿಳಿ ಹಾಳೆ ಕೊಟ್ಟದ್ದಕ್ಕೆ ತಾನೇ ನಾವು ಇಷ್ಟೆಲ್ಲ ಅನುಭವಿಸಿದ್ದು? ಈಗ ನೋಡಿದರೆ ಅದು ಪೂರ್ತಿ ಹಳದಿಯಾಗಿದೆ ಕಣೇ.